ಆನೆ ಹೋದ ಮೇಲೂ ಇಳಿಯದ ಎದೆಬಡಿತ

2025ರ ಜುಲೈ ಮೊದಲ ವಾರ. ಬೆಳಗಿನ ಜಾವ ನಾಲ್ಕೂವರೆಗೆ ಮೈಸೂರಿನ ಆಸ್ಪತ್ರೆಯೊಂದರ ಗೇಟಿನ ಮುಂದೆ ನಾನೂ ನಮ್ಮ ಭಾವನೂ ಸರದಿಯಲ್ಲಿ ನಿಂತಿದ್ದೆವು. ನಮಗಿಂತ ಮುಂದೆ ಆಗಲೇ ನೂರಾರು ಜನ. ಕೆಲವರು ಹಿಂದಿನ ರಾತ್ರಿಯೇ ಬಂದು ಚಾಪೆ ಹಾಸಿ ಮಲಗಿದ್ದರು. ಹಾಸನ ಜಿಲ್ಲೆಯಲ್ಲಿ ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಟಿ.ವಿ.ಯಲ್ಲಿ ಹಗಲೂ ರಾತ್ರಿ ಓಡುತ್ತಿದ್ದ ದಿನಗಳವು. ಎದೆಯಲ್ಲಿ ಸಣ್ಣ ಚಳುಕು ಬಂದರೂ ಜನ ಬಸ್ಸು ಹತ್ತಿ ಮೈಸೂರಿಗೋ ಬೆಂಗಳೂರಿಗೋ ಹೊರಡುತ್ತಿದ್ದರು.

ಭಾವನಿಗೆ 43 ವರ್ಷ. ಹಾಸನದಲ್ಲಿ ಸಾಲದ ಮೇಲೆ ಕಾರು ತೆಗೆದುಕೊಂಡು ಬಾಡಿಗೆಗೆ ಓಡಿಸುತ್ತಾರೆ. ದುಡಿಮೆಯ ಹೆಚ್ಚಿನ ಪಾಲು ಬೆಂಗಳೂರು ವಿಮಾನ ನಿಲ್ದಾಣದ ಟ್ರಿಪ್ಪುಗಳಿಂದ. ಹೊರದೇಶಕ್ಕೆ ಹೋಗುವ ವಿಮಾನಗಳು ಬಹುಪಾಲು ರಾತ್ರಿಯವು. ಸಂಜೆ ಏಳಕ್ಕೆ ಹಾಸನ ಬಿಟ್ಟು, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ ದಾಟಿ ಹನ್ನೊಂದೂವರೆಗೆ ಇಳಿಸಿ, ಸಿಕ್ಕರೆ ವಾಪಸ್ ಬಾಡಿಗೆ ಹಿಡಿದು, ಸಿಗದಿದ್ದರೆ ಖಾಲಿ ಗಾಡಿಯಲ್ಲೇ ಬೆಳಗಿನ ಐದಕ್ಕೆ ಮನೆ. ಒಂದು ವಾರದಿಂದ ಅವರಿಗೆ ಎದೆ ಬಿಗಿಹಿಡಿದಂತಾಗುತ್ತಿತ್ತು. "ಏನಿಲ್ಲ ಕಣಯ್ಯ, ಒಂದ್ಸಲ ತೋರಿಸ್ಕಂಡು ಬಂದ್ಬಿಡಾಣ, ನಿಮ್ಮಕ್ಕಂಗೆ ಮಾತ್ರ ಹೇಳ್ಬೇಡ" ಎಂದು ನನ್ನನ್ನು ಎಬ್ಬಿಸಿಕೊಂಡು ಬಂದಿದ್ದರು.

ಹತ್ತು ಗಂಟೆಗೆ ನರ್ಸ್ ಬಿ.ಪಿ. ನೋಡಿದಾಗ 172/104. "ಗಾಬರಿ ಆಗಿದೀರ, ಆ ಬೆಂಚಿನ ಮೇಲೆ ಸುಮ್ನೆ ಕೂತಿರಿ, ಆಮೇಲೆ ನೋಡೋಣ" ಎಂದರು. ಅರ್ಧ ಗಂಟೆ ಬಿಟ್ಟು ನೋಡಿದಾಗ 150/94. ಇಸಿಜಿ ಸರಿಯಿತ್ತು, ಎಕೊ ಸರಿಯಿತ್ತು. ಕೊನೆಯಲ್ಲಿ ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. ಬೀಡಿ ಸೇದ್ತೀರಾ? ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀರಿ? ಮೊದಲನೆಯದಕ್ಕೆ ಭಾವ ತಲೆ ತಗ್ಗಿಸಿದರು. ಎರಡನೆಯದಕ್ಕೆ, "ಟ್ರಿಪ್ ಇಲ್ದಿದ್ದಾಗ ಸಾರ್" ಎಂದರು.

ಬೆಂಚಿನ ಮೇಲೆ ಕೂತ ಆ ಅರ್ಧ ಗಂಟೆಯಲ್ಲಿ ಅವರ ಮೈಯೊಳಗೆ ಏನು ನಡೆಯಿತು, ಟ್ರಿಪ್ಪಿನ ಆ ರಾತ್ರಿಗಳಲ್ಲಿ ಏನು ನಡೆಯುತ್ತಿದೆ ಎಂಬುದು ಅಂದಿನಿಂದ ನನ್ನನ್ನು ಕಾಡುತ್ತಲೇ ಇದೆ. "ಟೆನ್ಷನ್" ಎಂದು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಅದು ಮನಸ್ಸಿನ ಮಾತು, ಮನಸ್ಸು ಗಟ್ಟಿ ಮಾಡಿಕೊಂಡರೆ ಹೋಗುತ್ತದೆ ಎಂದುಕೊಂಡಿದ್ದೇವೆ. ಅದು ಹಾಗಿಲ್ಲ.

ಮೈಯ ಮಾತು

ಹೆದರಿಕೆಯನ್ನು ಹೇಳುವಾಗ ಕನ್ನಡ ಮನಸ್ಸಿನ ಹೆಸರೆತ್ತುವುದೇ ಕಡಿಮೆ. ಎದೆ ಝಲ್ಲೆಂದಿತು, ಬಾಯಿ ಒಣಗಿತು, ಕೈಕಾಲು ತಣ್ಣಗಾದವು, ಹೊಟ್ಟೆಯಲ್ಲಿ ಕಲಸಿದಂತಾಯಿತು, ಮೈ ನವಿರೆದ್ದಿತು ಎನ್ನುತ್ತೇವೆ. ಇವು ಅಲಂಕಾರಕ್ಕೆ ಹುಟ್ಟಿದ ಮಾತುಗಳಲ್ಲ. ಒಂದೊಂದೂ ಒಳಗೆ ನಡೆಯುವುದನ್ನು ಇದ್ದ ಹಾಗೆಯೇ ಹೇಳುತ್ತದೆ.

ಸಕಲೇಶಪುರದ ಕಾಫಿ ತೋಟಕ್ಕೆ ಬೆಳಿಗ್ಗೆ ಕೆಲಸಕ್ಕೆ ಹೊರಟ ಹೆಂಗಸಿಗೆ ತಿರುವಿನಲ್ಲಿ ಕಾಡಾನೆ ಎದುರಾಯಿತೆನ್ನಿ. ಅದು ಆನೆ ಎಂದು ಬುದ್ಧಿಗೆ ಪೂರ್ತಿ ತಿಳಿಯುವ ಮೊದಲೇ ಮಿದುಳಿನಲ್ಲಿ ಅಪಾಯ ಗುರುತಿಸುವ ಅಮಿಗ್ಡಲ ಎಂಬ ಭಾಗ ಕೂಗೆಬ್ಬಿಸಿರುತ್ತದೆ. ಅಲ್ಲಿಂದ ಸುದ್ದಿ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್‌ಗೆ, ಅಲ್ಲಿಂದ ಬೆನ್ನುಹುರಿಯ ನರಗಳ ಮೂಲಕ ಮೈಯ ಮೂಲೆಮೂಲೆಗೆ. ಕಿಡ್ನಿಗಳ ನೆತ್ತಿಯ ಮೇಲೆ ಕುಲಾವಿಯಂತೆ ಕೂತ ಎರಡು ಅಡ್ರಿನಲ್ ಗ್ರಂಥಿಗಳಿವೆ. ಒಂದೊಂದರ ತೂಕ 4-5 ಗ್ರಾಂ ಅಷ್ಟೇ. ನರದ ಸುದ್ದಿ ಮುಟ್ಟಿದ ಕೂಡಲೇ ಅವುಗಳ ಒಳತಿರುಳು ಅಡ್ರಿನಲಿನ್ ಅನ್ನು ರಕ್ತಕ್ಕೆ ಬಿಡುತ್ತದೆ. ಇಷ್ಟೂ ನಡೆಯುವುದು ಕೆಲವೇ ಸೆಕೆಂಡುಗಳಲ್ಲಿ.

ಎದೆ ಝಲ್ಲೆನ್ನುವುದು ಆಗ. ಹೃದಯ ಬಿರುಸಾಗಿ, ಬಲವಾಗಿ ಬಡಿಯುತ್ತದೆ. ಓಡಬೇಕಾದ ಕಾಲಿನ ಸ್ನಾಯುಗಳಿಗೆ ರಕ್ತ ಬೇಕು, ಹಾಗಾಗಿ ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಅಂಗೈ ತಣ್ಣಗಾಗುತ್ತದೆ. ಉಣ್ಣುವ ಹೊತ್ತು ಇದಲ್ಲವೆಂದು ಜೊಲ್ಲು ನಿಲ್ಲುತ್ತದೆ, ಬಾಯಿ ಒಣಗುತ್ತದೆ. ಹೊಟ್ಟೆಯ ಅರೆಯುವಿಕೆ ನಿಲ್ಲುತ್ತದೆ. ಇದನ್ನು ಕಣ್ಣಾರೆ ಕಂಡವರು ಹಾರ್ವರ್ಡಿನ ವಾಲ್ಟರ್ ಕ್ಯಾನನ್. 1890ರ ದಶಕದ ಕೊನೆಯಲ್ಲಿ, ಎಕ್ಸ್‌ರೇ ಇನ್ನೂ ಹೊಸದಾಗಿದ್ದಾಗ, ಬೆಕ್ಕುಗಳು ಉಂಡದ್ದು ಜೀರ್ಣವಾಗುವುದನ್ನು ಅವರು ನೋಡುತ್ತಿದ್ದರು. ಬೆಕ್ಕು ಗಾಬರಿಗೊಂಡರೆ ಸಾಕು, ಅಲೆಅಲೆಯಾಗಿ ಕುಲುಕುತ್ತಿದ್ದ ಜಠರ ಗಕ್ಕನೆ ನಿಂತುಬಿಡುತ್ತಿತ್ತು. ಹೋರಾಡು ಇಲ್ಲವೇ ಓಡು ಎಂದು ಮೈ ಸಜ್ಜಾಗುವ ಈ ಪರಿಯನ್ನು ಮುಂದೆ ಅವರೇ ಲೋಕಕ್ಕೆ ತಿಳಿಸಿದರು.

ಹೊರಗೆ ಕಾಣದ ಕೆಲಸಗಳು ಇನ್ನೂ ಇವೆ. ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಶ್ವಾಸನಾಳ ಹಿಗ್ಗುತ್ತದೆ, ಕಣ್ಣಿನ ಪಾಪೆ ಅರಳುತ್ತದೆ. ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟಲೆಂದು ಪ್ಲೇಟ್‌ಲೆಟ್‌ಗಳು ಅಂಟಂಟಾಗುತ್ತವೆ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ. ಬೇಲಿ ಹಾರುವಾಗ ಮುಳ್ಳು ಗೀರಿದ ಹೆಂಗಸನ್ನು ಉಳಿಸುವ ಅದೇ ಅಂಟು, ಈಗಾಗಲೇ ಕೊಬ್ಬು ಕಟ್ಟಿ ಕಿರಿದಾದ ಹೃದಯದ ರಕ್ತನಾಳದಲ್ಲಿ ಬೇರೆಯದೇ ಕೆಲಸ ಮಾಡುತ್ತದೆ.

ಅಡ್ರಿನಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎರಡು ಮೂರು ನಿಮಿಷದಲ್ಲಿ ಅರ್ಧಕ್ಕರ್ಧ ಕರಗುತ್ತದೆ. ಅದರ ಹಿಂದೆಯೇ ನಿಧಾನದ ಇನ್ನೊಂದು ಸಾಲು ಹೊರಟಿರುತ್ತದೆ. ಹೈಪೊಥಲಾಮಸ್ ತನ್ನ ಕೆಳಗಿರುವ ಬಟಾಣಿ ಕಾಳಿನಷ್ಟು ದಪ್ಪದ ಪಿಟ್ಯುಟರಿಗೆ ಹೇಳುತ್ತದೆ, ಪಿಟ್ಯುಟರಿ ಅಡ್ರಿನಲ್ ಗ್ರಂಥಿಯ ಹೊರಪದರಕ್ಕೆ ಹೇಳುತ್ತದೆ, ಆ ಹೊರಪದರ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಬಿಡುತ್ತದೆ. ಇದು ರಕ್ತದಲ್ಲಿ ಏರಿ ತುದಿ ಮುಟ್ಟಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಖರ್ಚಾದ ಶಕ್ತಿಯನ್ನು ಮತ್ತೆ ತುಂಬುವುದು, ಸಕ್ಕರೆ ಕಡಿಮೆಯಾಗದಂತೆ ನೋಡಿಕೊಳ್ಳುವುದು, ಉರಿಯೂತವನ್ನು ಹತೋಟಿಯಲ್ಲಿಡುವುದು ಅದರ ಕೆಲಸ. ಅದಕ್ಕೆ ಇನ್ನೂ ಒಂದು ಕೆಲಸವಿದೆ, ನನ್ನ ಕಣ್ಣಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಸಾಕಷ್ಟು ಏರಿದ ಮೇಲೆ ಕಾರ್ಟಿಸಾಲ್ ಮರಳಿ ಮಿದುಳಿಗೇ ಹೋಗಿ, "ಸಾಕು, ಇನ್ನು ನಿಲ್ಲಿಸು" ಎನ್ನುತ್ತದೆ. ಕೂಗೆಬ್ಬಿಸಿದ ವ್ಯವಸ್ಥೆಯೊಳಗೇ ಕೂಗು ನಿಲ್ಲಿಸುವ ಏರ್ಪಾಡೂ ಇದೆ. ಜೊತೆಗೆ, ಕುತ್ತಿಗೆಯಿಂದ ಹೃದಯ, ಹೊಟ್ಟೆಗಳಿಗೆ ಇಳಿಯುವ ವೇಗಸ್ ನರ ಬ್ರೇಕು ಹಿಡಿಯುತ್ತದೆ. ಆನೆ ಬಿದಿರು ಮುರಿಯುತ್ತ ಆಚೆ ಹೋಯಿತು, ಹೆಂಗಸು ಕಟ್ಟೆಯ ಮೇಲೆ ಕುಸಿದು ಕೂತು ನೀರು ಕುಡಿದಳು, ಮಧ್ಯಾಹ್ನದ ಹೊತ್ತಿಗೆ ಹಸಿವಾಯಿತು. ಮೈ ತನ್ನ ಕೆಲಸ ಮಾಡಿತು, ಮುಗಿಸಿತು.

ಆಸ್ಪತ್ರೆಯ ಬೆಂಚಿನ ಮೇಲೆ ಭಾವನ ಬಿ.ಪಿ. 172ರಿಂದ 150ಕ್ಕೆ ಇಳಿದಾಗ ನಾನು ಕಂಡದ್ದು ಈ ಬ್ರೇಕನ್ನು. ಅದು ಇನ್ನೂ ಕೆಲಸ ಮಾಡುತ್ತಿತ್ತು. ಆದರೆ ಪೂರ್ತಿ ಇಳಿಸಲಿಲ್ಲ.

ಆನೆ ಹೋಗದ ಊರು

ಇಲ್ಲಿಗೆ ಕತೆ ಮುಗಿದಿದ್ದರೆ ಒತ್ತಡದಿಂದ ಯಾರಿಗೂ ಕಾಯಿಲೆ ಬರುತ್ತಿರಲಿಲ್ಲ. ಆದರೆ ಸಕಲೇಶಪುರ, ಆಲೂರು, ಬೇಲೂರು ಕಡೆಯವರನ್ನು ಕೇಳಿ ನೋಡಿ. ಅಲ್ಲಿ ಆನೆ ಬಂದು ಹೋಗುವುದಿಲ್ಲ, ಅಲ್ಲೇ ಇರುತ್ತದೆ. ಸಂಜೆಯಾದರೆ ಮಕ್ಕಳು ಮನೆ ಸೇರಿದರೇ, ಗದ್ದೆಗೆ ನೀರು ಕಟ್ಟಲು ಹೋದವರು ಬಂದರೇ ಎಂಬ ಆತಂಕ. ಎದುರಿಗೆ ಆನೆ ಇಲ್ಲದಿದ್ದರೂ ಕಿವಿ ನೆಟ್ಟಗೇ ಇರುತ್ತದೆ. ಆ ಭಾಗದಲ್ಲಿ ಆನೆಗಳು ಎಲ್ಲಿವೆ ಎಂದು ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆ ಇದೆ. ಅದು ಜೀವ ಉಳಿಸುತ್ತದೆ ಎಂಬುದು ಸ್ಪಷ್ಟ. ಆನೆ ಎತ್ತಲಿದೆ ಎಂದು ಗೊತ್ತಾಗಿ ರಾತ್ರಿ ಕಣ್ಣು ಮುಚ್ಚಲು ಸಾಧ್ಯವಾಗುವುದೂ ಸಣ್ಣ ಮಾತಲ್ಲ.

ಹೀಗೆ ಹೇಳಲು ಕಾರಣವಿದೆ. ಐವತ್ತು ವರ್ಷಗಳಿಗೂ ಹಿಂದೆ ಅಮೆರಿಕದ ಜೇ ವೈಸ್ ಎಂಬ ವಿಜ್ಞಾನಿ ಇಲಿಗಳ ಮೇಲೆ ಪ್ರಯೋಗಗಳನ್ನು ಮಾಡಿದರು. ಎರಡು ಗುಂಪಿನ ಇಲಿಗಳಿಗೂ ಒಂದೇ ಬಲದ, ಒಂದೇ ಸಂಖ್ಯೆಯ ವಿದ್ಯುತ್ ಶಾಕ್. ಒಂದು ಗುಂಪಿಗೆ ಮಾತ್ರ ಶಾಕ್‌ಗೆ ಮುಂಚೆ ಒಂದು ಸದ್ದು ಕೇಳಿಸುತ್ತಿತ್ತು. ಸದ್ದು ಕೇಳುತ್ತಿದ್ದ ಇಲಿಗಳ ಹೊಟ್ಟೆಯಲ್ಲಿ ಹುಣ್ಣು ಬಹಳ ಕಡಿಮೆ. ಯಾವಾಗ ಬರುತ್ತದೋ ತಿಳಿಯದೆ ಕಾದವುಗಳ ಜಠರ ಹುಣ್ಣಾಗಿ ಹೋಗಿತ್ತು. ಬಿದ್ದ ಪೆಟ್ಟು ಎರಡೂ ಗುಂಪಿಗೆ ಒಂದೇ. ಸದ್ದು ಕೇಳಿಸಿದವು ಸದ್ದಿಲ್ಲದ ಹೊತ್ತಿನಲ್ಲಿ ಮೈ ಸಡಿಲ ಬಿಡಬಹುದಿತ್ತು, ಉಳಿದವಕ್ಕೆ ಆ ಬಿಡುವೇ ಇರಲಿಲ್ಲ.

ಭಾವನ ಫೋನು ನನಗೆ ನೆನಪಾಗುವುದು ಇಲ್ಲಿ. ಊಟಕ್ಕೆ ಕೂತಾಗಲೂ ತಟ್ಟೆಯ ಪಕ್ಕದಲ್ಲೇ, ಮುಖ ಮೇಲಾಗಿ ಇರುತ್ತದೆ. ಟ್ರಿಪ್ಪು ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದಾಗ ಎತ್ತದಿದ್ದರೆ ಏಜೆನ್ಸಿಯವರು ಇನ್ನೊಬ್ಬರಿಗೆ ಕೊಡುತ್ತಾರೆ. ಇಪ್ಪತ್ತು ವರ್ಷ ಹೊಲ ಉತ್ತ ನಮ್ಮ ಮಾವ, ಅಂದರೆ ಭಾವನ ತಂದೆ, ಭಾವನಿಗಿಂತ ಹೆಚ್ಚು ಮೈಮುರಿದು ದುಡಿದವರು. ಅವರು ದಣಿಯುತ್ತಿದ್ದರು, ಮಲಗಿದರೆ ಬೆಳಗಿನವರೆಗೆ ಎಚ್ಚರವಿಲ್ಲ. ಭಾವ ದಣಿಯುವುದಕ್ಕಿಂತ ಕಾಯುವುದೇ ಹೆಚ್ಚು. ಮಗ್ಗುಲಲ್ಲಿ ಫೋನಿಟ್ಟುಕೊಂಡ ನಿದ್ದೆ ನಿದ್ದೆಯೇ ಅಲ್ಲ. ದುಡಿಮೆಯ ಭಾರಕ್ಕಿಂತ, ಯಾವಾಗ ಮುಗಿಯುತ್ತದೋ ತಿಳಿಯದ ಈ ಕಾಯುವಿಕೆಯೇ ಮೈಯನ್ನು ಹೆಚ್ಚು ಸವೆಸುತ್ತದೆ ಎಂಬುದು ನಾನು ಓದಿದ್ದರಿಂದಲೂ ನೋಡಿದ್ದರಿಂದಲೂ ಮುಟ್ಟಿದ ತೀರ್ಮಾನ.

ಈ ಸವೆತ ಎಲ್ಲೆಲ್ಲಿ ಕಾಣುತ್ತದೆ? ಆರೋಗ್ಯವಂತರ ರಕ್ತದೊತ್ತಡ ರಾತ್ರಿ ನಿದ್ದೆಯಲ್ಲಿ ಹಗಲಿಗಿಂತ ಶೇ 10ರಿಂದ 20ರಷ್ಟು ಇಳಿಯುತ್ತದೆ. ರಕ್ತನಾಳಗಳಿಗೆ ಸಿಗುವ ಬಿಡುವು ಅದೊಂದೇ. ಯಾರಲ್ಲಿ ಆ ಇಳಿತ ಆಗುವುದಿಲ್ಲವೋ ಅವರಿಗೆ ಹೃದಯದ ಕಾಯಿಲೆ, ಲಕ್ವದ ಅಪಾಯ ಹೆಚ್ಚು. ಕಾರ್ಟಿಸಾಲ್‌ಗೂ ದಿನದ ಲಯವಿದೆ. ನಸುಕಿನಲ್ಲಿ ಏರಿ, ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ತುದಿ ಮುಟ್ಟಿ, ಸಂಜೆ ಇಳಿದು, ನಡುರಾತ್ರಿಗೆ ತಳ ಸೇರಬೇಕು. ಆ ನಡುರಾತ್ರಿಯಲ್ಲಿ ಭಾವ ನೆಲಮಂಗಲದ ಬಳಿ ಎದುರು ಲಾರಿಗಳ ಹೆಡ್‌ಲೈಟಿಗೆ ಕಣ್ಣು ಕಿರಿದು ಮಾಡಿಕೊಂಡು, ನಿದ್ದೆ ತಡೆಯಲು ಟೀ ಕುಡಿದು ಬೀಡಿ ಹಚ್ಚಿರುತ್ತಾರೆ. ಬೀಡಿ ಸೇದಿದರೆ ತಲೆ ಹಗುರಾಗುತ್ತದೆ ಎನ್ನುತ್ತಾರೆ. ನಿಜಕ್ಕೂ ನಿಕೋಟಿನ್ ಅಡ್ರಿನಲ್ ಗ್ರಂಥಿಯಿಂದ ಇನ್ನಷ್ಟು ಅಡ್ರಿನಲಿನ್ ಹೊರಡಿಸುತ್ತದೆ, ಎದೆಬಡಿತ ಏರಿಸುತ್ತದೆ. ಆಗ ತಿಂದ ಪರೋಟವನ್ನು ಮೈ ಹಗಲಿನಷ್ಟು ಚೆನ್ನಾಗಿ ಸಂಭಾಳಿಸದು, ಏಕೆಂದರೆ ಇನ್ಸುಲಿನ್ನಿನ ಕೆಲಸ ರಾತ್ರಿ ಮಂದ.

ಕಾರ್ಟಿಸಾಲ್ ದಿನಗಟ್ಟಲೆ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ಕೋವಿಡ್ ಸಮಯದಲ್ಲಿ ಕಂಡಿದ್ದಾರೆ. ಆಗ ಉಸಿರಾಟ ಉಳಿಸಲು ಕೊಟ್ಟ ಡೆಕ್ಸಾಮೆಥಾಸೋನ್ ಕಾರ್ಟಿಸಾಲ್‌ನ ಬಳಗದ ಸ್ಟೀರಾಯ್ಡ್. ಅದರಿಂದ ಎಷ್ಟೋ ಜನರ ರಕ್ತದ ಸಕ್ಕರೆ ಏರಿತು, ಸೋಂಕು ತಡೆಯುವ ಶಕ್ತಿ ತಗ್ಗಿತು. 2021ರಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದ್ದಕ್ಕೆ ಇದೂ ಒಂದು ಕಾರಣವಾಗಿತ್ತು. ದಿನದ ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಅಷ್ಟು ಪ್ರಮಾಣದ್ದಲ್ಲ, ಆದರೆ ದಿಕ್ಕು ಅದೇ: ಸಕ್ಕರೆ ಮೇಲೆ, ಹೊಟ್ಟೆಯ ಸುತ್ತ ಕೊಬ್ಬು, ಮಾಯದ ಗಾಯ. ಗಾಯದ ಮಾತು ಸುಮ್ಮನೆ ಹೇಳಿದ್ದಲ್ಲ. 1995ರಲ್ಲಿ ಅಮೆರಿಕದ ಓಹಾಯೊದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು, ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಹೆಂಗಸರಿಗೂ, ಅದೇ ವಯಸ್ಸಿನ, ಅಂಥ ಹೊರೆ ಇಲ್ಲದ 13 ಹೆಂಗಸರಿಗೂ ತೋಳಿನ ಮೇಲೆ ಮೂರೂವರೆ ಮಿಲಿಮೀಟರಿನ ಪುಟ್ಟ ಗಾಯ ಮಾಡಿದರು. ಆರೈಕೆಯ ಹೊರೆ ಹೊತ್ತವರ ಗಾಯ ಮಾಯಲು ಸುಮಾರು 9 ದಿನ ಹೆಚ್ಚು ಹಿಡಿಯಿತು. ಹಾಸಿಗೆ ಹಿಡಿದ ಅತ್ತೆಯನ್ನೋ ತಾಯಿಯನ್ನೋ ವರ್ಷಗಟ್ಟಲೆ ನೋಡಿಕೊಳ್ಳುವ ಹೆಂಗಸರು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಅವರ ದುಡಿಮೆಯನ್ನು ಒತ್ತಡ ಎಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಾಲಕರ ಬಗ್ಗೆ ಬರೆಯುತ್ತಿದ್ದರೂ ಈ ಮಾತನ್ನು ಹೇಳದೆ ಮುಂದೆ ಹೋಗಲಾರೆ.

ದಿನದಿನದ ಈ ಸಣ್ಣ ಸವೆತಗಳು ಒಟ್ಟುಗೂಡಿದ ಹೊರೆಗೆ ಬ್ರೂಸ್ ಮೆಕ್ಈವನ್ ಎಂಬ ನರವಿಜ್ಞಾನಿ 1993ರಲ್ಲಿ ಒಂದು ಹೆಸರು ಕೊಟ್ಟರು, ಅಲೊಸ್ಟ್ಯಾಟಿಕ್ ಲೋಡ್. ಹೆಸರು ಕಷ್ಟ, ವಿಷಯ ಸುಲಭ. ಹೊಂದಿಕೊಳ್ಳುವುದಕ್ಕೂ ಮೈ ಬೆಲೆ ತೆರುತ್ತದೆ, ಆ ಬಾಕಿ ಬೆಳೆಯುತ್ತ ಹೋಗುತ್ತದೆ. ಇದೇ ಮೆಕ್ಈವನ್ 1968ರಲ್ಲಿ, ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಒತ್ತಡದ ಹಾರ್ಮೋನನ್ನು ಹಿಡಿದುಕೊಳ್ಳುತ್ತದೆಂದು ತೋರಿಸಿದ್ದರು. "ಸಾಕು, ನಿಲ್ಲಿಸು" ಎಂಬ ಸುದ್ದಿಯನ್ನು ಕೇಳಿಸಿಕೊಳ್ಳುವ ಜಾಗಗಳಲ್ಲಿ ಅದೂ ಒಂದು. ಒತ್ತಡ ಬಹುಕಾಲ ಇಳಿಯದಿದ್ದರೆ ಅಲ್ಲಿಯ ನರಕೋಶಗಳ ಕವಲುಗಳು ಮೊಟಕಾಗುತ್ತವೆ ಎಂದು ಪ್ರಾಣಿಗಳಲ್ಲಿ ಕಂಡುಬಂದಿದೆ. ಬ್ರೇಕನ್ನು ಹಿಡಿಯಬೇಕಾದದ್ದೇ ಸವೆಯುತ್ತದೆ.

ಒಮ್ಮೆಗೇ ಎರಗುವ ದುಃಖದ ಕತೆ ಬೇರೆ. ಎದೆ ಒಡೆದು ಸತ್ತ ಎನ್ನುತ್ತೇವಲ್ಲ, ಅದಕ್ಕೆ ಹತ್ತಿರದ ಕಾಯಿಲೆಯನ್ನು ಜಪಾನಿನ ವೈದ್ಯರು 1990ರಲ್ಲಿ ಗುರುತಿಸಿದರು. ಹತ್ತಿರದವರು ಸತ್ತ ಸುದ್ದಿಯಂಥ ಆಘಾತದಲ್ಲಿ ಹೃದಯದ ಎಡ ಕೋಣೆ ತಳಭಾಗದಲ್ಲಿ ಉಬ್ಬಿ, ಅಲ್ಲಿನ ಮೀನುಗಾರರು ಆಕ್ಟೊಪಸ್ ಹಿಡಿಯುವ ಗಡಿಗೆಯ ಆಕಾರ ತಾಳುತ್ತದೆ. ಆ ಗಡಿಗೆಯ ಹೆಸರೇ ಕಾಯಿಲೆಗೂ ಬಂತು, ತಕೊತ್ಸುಬೊ. ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಲ್ಲಿ ಕಾಣುವ ಇದರಿಂದ ಬಹುಪಾಲು ಮಂದಿ ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಎಲ್ಲವನ್ನೂ ಟೆನ್ಷನ್ ತಲೆಗೆ ಕಟ್ಟಬಾರದು

ಇಲ್ಲಿ ಒಂದು ಎಚ್ಚರಿಕೆ ಬೇಕು. ಹಾಸನದ ಸಾವುಗಳ ಬಗ್ಗೆ ಸರ್ಕಾರ ನೇಮಿಸಿದ ತಜ್ಞರ ಸಮಿತಿ 24 ಪ್ರಕರಣಗಳನ್ನು ಪರಿಶೀಲಿಸಿ, 20 ಸಾವುಗಳು ಹೃದಯಕ್ಕೆ ಸಂಬಂಧಿಸಿದವು ಎಂದಿತು. ಹಿಂದಿನದಕ್ಕೆ ಹೋಲಿಸಿದರೆ ಹೃದಯಾಘಾತಗಳು ದಿಢೀರನೆ ಏರಿಲ್ಲ ಎಂದೂ ಹೇಳಿತು. ಕೋವಿಡ್ ಲಸಿಕೆಯ ಮೇಲಿನ ಅನುಮಾನಕ್ಕೆ ಆಧಾರ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಆರೋಪಿಗಳೇ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ತಂಬಾಕು, ಕುಡಿತ, ಬೊಜ್ಜು, ಮನೆತನದ ಹೃದಯ ಕಾಯಿಲೆ. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರು ಎದ್ದು ಕಾಣುವಷ್ಟಿದ್ದರು ಎಂಬುದನ್ನೂ ವರದಿ ಗುರುತಿಸಿತು. ನಮ್ಮ ಭಾವ ಅಂದು ನಸುಕಿಗೇ ನನ್ನನ್ನು ಎಬ್ಬಿಸಿದ್ದು ಸ್ಟ್ಯಾಂಡಿನಲ್ಲಿ ಹರಿದಾಡುತ್ತಿದ್ದ ಅದೇ ಮಾತಿನಿಂದ.

ಒತ್ತಡ ಎಂಬುದು ಬಹಳ ಅನುಕೂಲದ ಆರೋಪಿ. ಅದರ ಇತಿಹಾಸದಲ್ಲೇ ಇದಕ್ಕೆ ಸಾಕ್ಷಿಯಿದೆ. ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ 1936ರಲ್ಲಿ 'ನೇಚರ್' ಪತ್ರಿಕೆಗೆ ಬರೆದ ಪುಟ್ಟ ಟಿಪ್ಪಣಿಯಿಂದ ಈ ಶಾಸ್ತ್ರ ಬೆಳೆಯಿತು. ಇಲಿಗಳಿಗೆ ಚಳಿ, ಗಾಯ, ವಿಷ, ಅತಿ ದಣಿವು, ಯಾವುದನ್ನೇ ಕೊಟ್ಟರೂ ಒಳಗೆ ಕಾಣುತ್ತಿದ್ದದ್ದು ಒಂದೇ ಚಿತ್ರ: ಊದಿದ ಅಡ್ರಿನಲ್ ಗ್ರಂಥಿ, ಕುಗ್ಗಿದ ಥೈಮಸ್ (ಸೋಂಕು ತಡೆಯುವ ಕಣಗಳು ಬಲಿಯುವ ಎದೆಯ ಗ್ರಂಥಿ), ಹುಣ್ಣಾದ ಜಠರ. ದೊಡ್ಡ ಕಾಣ್ಕೆ ಅದು. ಆದರೆ ಅದೇ ಸೆಲ್ಯೆ ಮುಂದೆ ತಂಬಾಕು ಕಂಪನಿಗಳಿಂದ ಹಣ ಪಡೆದರು. ಹೃದಯದ ಕಾಯಿಲೆಗೆ ಒತ್ತಡವನ್ನು ಮುಂದೆ ಮಾಡಿದರೆ ಸಿಗರೇಟು ಹಿಂದೆ ಅಡಗಬಹುದು ಎಂಬುದು ಕಂಪನಿಗಳ ಲೆಕ್ಕ. ಇದು ಆ ಕಂಪನಿಗಳ ಒಳಗಿನ ಕಾಗದಪತ್ರಗಳು ಹೊರಬಿದ್ದಾಗ ತಿಳಿಯಿತು. ಇಂದು ನಮ್ಮ ನಡುವೆಯೂ "ಅವನಿಗೆ ಟೆನ್ಷನ್ ಜಾಸ್ತಿ, ಅದಕ್ಕೇ ಹೀಗಾಯ್ತು" ಎಂದಾಗ, ಹತ್ತು ವರ್ಷದಿಂದ ಅಳೆಯದ ಬಿ.ಪಿ.ಯೂ ದಿನಕ್ಕೊಂದು ಕಟ್ಟು ಬೀಡಿಯೂ ಆ ಮಾತಿನ ಹಿಂದೆ ಮರೆಯಾಗುತ್ತವೆ.

ಹಾಗೆಂದು ಒತ್ತಡ ಸುಳ್ಳಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಹೊರಬಂತು. ಮೊದಲ ಹೃದಯಾಘಾತದ ಅಪಾಯದ ಬಹುಪಾಲನ್ನು ವಿವರಿಸುವ ಒಂಬತ್ತು ಕಾರಣಗಳಲ್ಲಿ ಮನಸ್ಸು ಮತ್ತು ಬದುಕಿನ ಒತ್ತಡವೂ ಒಂದಾಗಿತ್ತು. ತಂಬಾಕು, ಕೊಬ್ಬು, ಸಕ್ಕರೆಗಳ ಜೊತೆಗೆ ನಿಂತ ಒಂದು, ಅವುಗಳ ಬದಲಿಗೆ ಬಂದದ್ದಲ್ಲ. ಅದೇ ಅಧ್ಯಯನ ಇನ್ನೊಂದನ್ನೂ ತೋರಿಸಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಸುಮಾರು ಆರು ವರ್ಷ ಮುಂಚೆ, 53ರ ಆಸುಪಾಸಿನಲ್ಲಿ ಬರುತ್ತದೆ. ಅಪಾಯದ ಕಾರಣಗಳು ನಮ್ಮಲ್ಲಿ ಎಳೆ ವಯಸ್ಸಿನಲ್ಲೇ ಜೊತೆಗೂಡುತ್ತವೆ. ರಾತ್ರಿ ಗಾಡಿ ಓಡಿಸುವವರ ಬದುಕಿನಲ್ಲಿ ಇವನ್ನು ಬಿಡಿಬಿಡಿಯಾಗಿ ಎತ್ತಿಡಲಾಗದು. ನಿದ್ದೆ ಕೆಟ್ಟದ್ದಕ್ಕೆ ಬೀಡಿ, ಹೊತ್ತಲ್ಲದ ಹೊತ್ತಿನ ಊಟಕ್ಕೆ ಸಕ್ಕರೆ, ಇಡೀ ದಿನ ಕೂತದ್ದಕ್ಕೆ ಬೊಜ್ಜು. ಒಂದರ ಕೈ ಒಂದು ಹಿಡಿದು ಬರುತ್ತವೆ.

ಗಂಟೆಗಳ ಪ್ರಶ್ನೆ

"ಟೆನ್ಷನ್ ಮಾಡ್ಕೋಬೇಡಿ" ಎಂದು ಭಾವನಿಗೂ ಹೇಳಿ ಕಳಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಕಂತಿನ ತಾರೀಖು, ರಾತ್ರಿಯ ವಿಮಾನ, ಏಜೆನ್ಸಿಯ ಕರೆ, ಇವು ಯಾವುವೂ ಭಾವ "ಮಾಡಿಕೊಂಡ"ವಲ್ಲ.

ಇಂಗ್ಲೆಂಡಿನ ಸರ್ಕಾರಿ ನೌಕರರ ಮೇಲೆ 1967ರಿಂದ ನಡೆದ ವೈಟ್‌ಹಾಲ್ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸಿತು. ದೊಡ್ಡ ಸಾಹೇಬರಿಗೆ ಜವಾಬ್ದಾರಿ ಹೆಚ್ಚು, ಹಾಗಾಗಿ ಹೃದಯಾಘಾತವೂ ಅವರಿಗೇ ಹೆಚ್ಚು ಎಂದು ಎಲ್ಲರೂ ತಿಳಿದಿದ್ದರು. ಕಂಡದ್ದು ತದ್ವಿರುದ್ಧ. ಕೆಳದರ್ಜೆಯ ನೌಕರರಲ್ಲಿ ಹೃದಯದ ಕಾಯಿಲೆಯಿಂದ ಸತ್ತವರ ಪ್ರಮಾಣ ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು. ಬೀಡಿ ಸಿಗರೇಟು, ರಕ್ತದೊತ್ತಡ, ಕೊಬ್ಬು ಎಲ್ಲವನ್ನೂ ಲೆಕ್ಕ ಹಾಕಿದರೂ ಈ ಅಂತರದ ಪೂರ್ತಿ ಕಾರಣ ಸಿಗಲಿಲ್ಲ. 1985ರಲ್ಲಿ ಶುರುವಾದ ಎರಡನೆಯ ಸುತ್ತಿನಲ್ಲಿ ಮೈಕೆಲ್ ಮಾರ್ಮೊಟ್ ಮತ್ತು ಸಂಗಡಿಗರು ಕೇಳಿದ ಪ್ರಶ್ನೆ: ನಿಮ್ಮ ಕೆಲಸದ ಮೇಲೆ ನಿಮಗೆಷ್ಟು ಹಿಡಿತವಿದೆ? ಹಿಡಿತ ಕಡಿಮೆಯಿದ್ದವರಲ್ಲೇ ಕಾಯಿಲೆ ಹೆಚ್ಚು ಕಂಡಿತು. ಸದ್ದು ಕೇಳಿಸಿದ ಇಲಿಗಳೂ ಸದ್ದಿಲ್ಲದೆ ಕಾದ ಇಲಿಗಳೂ ಇಲ್ಲಿ ಮತ್ತೆ ನೆನಪಿಗೆ ಬರುತ್ತವೆ.

ನಮ್ಮಲ್ಲಿ ಚರ್ಚೆ ಮಾತ್ರ ಎದುರು ದಿಕ್ಕಿಗೆ ಹೋಗುತ್ತಿದೆ. 2024ರ ಜುಲೈನಲ್ಲಿ ಐಟಿ ಕೆಲಸದ ದಿನವನ್ನು 14 ಗಂಟೆಗಳವರೆಗೆ ಹಿಗ್ಗಿಸುವ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂದು, ನೌಕರರ ಸಂಘ ಬೀದಿಗಿಳಿಯಬೇಕಾಯಿತು. ವಾರಕ್ಕೆ 70 ಗಂಟೆ, 90 ಗಂಟೆ ದುಡಿಯಿರಿ ಎಂಬ ಉಪದೇಶವನ್ನು ದೊಡ್ಡ ಉದ್ಯಮಿಗಳ ಬಾಯಲ್ಲಿ ಕೇಳಿದ್ದಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಜೊತೆಯಾಗಿ 2021ರಲ್ಲಿ ಕೊಟ್ಟ ಲೆಕ್ಕ ಅವರ ಮೇಜಿನ ಮೇಲೂ ಇರಬೇಕಿತ್ತು. ವಾರಕ್ಕೆ 35-40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಲಕ್ವ ಹೊಡೆಯುವ ಅಪಾಯ ಶೇ 35ರಷ್ಟು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ದೀರ್ಘ ದುಡಿಮೆಗೆ ಬಲಿಯಾದವರು ಸುಮಾರು 7.45 ಲಕ್ಷ. ಭಾವನ ವಾರವನ್ನು ನಾನೊಮ್ಮೆ ಕೂಡಿಸಿ ನೋಡಿದೆ. ಚಕ್ರದ ಹಿಂದೆ ಕೂತ ಹೊತ್ತೇ 70 ಗಂಟೆ ದಾಟಿತು, ಕಾದ ಹೊತ್ತನ್ನು ಬಿಟ್ಟು.

ಆ್ಯಪ್‌ಗಳ ಮೂಲಕ ದುಡಿಯುವವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಕಲ್ಯಾಣ ಮಂಡಳಿ, ಕಂಪನಿಗಳಿಂದ ವಸೂಲಾಗುವ ಕಲ್ಯಾಣ ಶುಲ್ಕ ಅದರಲ್ಲಿ ಸೇರಿವೆ. ಅದರಷ್ಟು ಸುದ್ದಿಯಾಗದಿದ್ದರೂ ನನಗೆ ಮುಖ್ಯವೆನಿಸಿದ್ದು ಇನ್ನೊಂದು ಅಂಶ. ಕೆಲಸ ಹಂಚುವ, ದರ ಕಟ್ಟುವ ಯಂತ್ರದ ಲೆಕ್ಕ ಹೇಗೆ ನಡೆಯುತ್ತದೆಂದು ಕಂಪನಿಗಳು ಕಾರ್ಮಿಕರಿಗೆ ತಿಳಿಸಬೇಕು. ಮುಂದಿನ ಟ್ರಿಪ್ಪು ಯಾವ ಲೆಕ್ಕದಲ್ಲಿ ಬರುತ್ತದೆಂದು ತಿಳಿದವನು ಫೋನನ್ನು ಬೋರಲು ಹಾಕಿ ಉಣ್ಣಬಹುದು. ಅದು ಹಕ್ಕಿನ ಮಾತಷ್ಟೇ ಅಲ್ಲ, ಎದೆಯ ಆರೋಗ್ಯದ ಮಾತೂ ಹೌದು. ಏಜೆನ್ಸಿಯವರ ಒಂದು ಕರೆಯ ಮೇಲೆ ನಿಂತ ಭಾವನಂಥ ಚಾಲಕರಿಗೆ ಆ ನೆರಳೂ ಇಲ್ಲ.

ವ್ಯವಸ್ಥೆ ಬದಲಾಗುವವರೆಗೆ ಮೈ ಕಾಯುವುದಿಲ್ಲವಾದ್ದರಿಂದ ಕೈಯಲ್ಲಿರುವುದನ್ನೂ ಹೇಳಬೇಕು. ಉಸಿರು ಬಿಡುವಾಗ ವೇಗಸ್ ನರ ಎದೆಬಡಿತವನ್ನು ತುಸು ನಿಧಾನ ಮಾಡುತ್ತದೆ. ಹಾಗಾಗಿ ನಿಮಿಷಕ್ಕೆ ಆರು ಉಸಿರಿನಂತೆ, ಎಳೆದುಕೊಂಡದ್ದಕ್ಕಿಂತ ಬಿಡುವುದನ್ನು ಉದ್ದ ಮಾಡಿ ಐದು ನಿಮಿಷ ಕೂತರೆ ಬ್ರೇಕು ಹಿಡಿಯುವುದು ಗೊತ್ತಾಗುತ್ತದೆ. 2001ರಲ್ಲಿ ಇಟಲಿಯ ಲುಚಿಯಾನೊ ಬರ್ನಾರ್ದಿ ಮತ್ತು ಸಂಗಡಿಗರು ಜಪಮಾಲೆಯ ಪ್ರಾರ್ಥನೆಯೂ ಮಂತ್ರಪಠಣವೂ ಉಸಿರನ್ನು ತಾವಾಗಿಯೇ ಈ ಆರರ ಲಯಕ್ಕೆ ತರುತ್ತವೆಂದು ಅಳೆದು ತೋರಿಸಿದ್ದರು. ಸಂಜೆ ಭಜನೆಗೆ ಕೂತು ಎದ್ದವರು "ಹಗುರಾಯ್ತು" ಎನ್ನುವುದು ನನಗೆ ಈಗ ಬೇರೆಯಾಗಿ ಕೇಳಿಸುತ್ತದೆ. ಮನಸ್ಸೇ ಕುಸಿದಂತಾದರೆ 14416ಕ್ಕೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು, ಹಣ ಕೊಡಬೇಕಿಲ್ಲ.

ಎದೆ ಹಿಡಿದುಕೊಂಡಾಗ ಮಾತ್ರ ಅದು ಟೆನ್ಷನ್ನೋ ಹೃದಯಾಘಾತವೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ. ಎದೆಯ ನಡುವೆ ಭಾರ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು, ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಬರೀ ಸುಸ್ತು, ಏದುಸಿರು ಇಲ್ಲವೇ ವಾಂತಿ, ಇವುಗಳಲ್ಲಿ ಯಾವುದಿದ್ದರೂ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಹಾಸನದಿಂದ ಮೈಸೂರಿನವರೆಗೆ ಹೋಗುವ ಎರಡೂವರೆ ಗಂಟೆ ನಿಜವಾದ ಹೃದಯಾಘಾತದಲ್ಲಿ ಜೀವ ತೆಗೆಯಬಹುದಾದಷ್ಟು ಉದ್ದ. ಅಂದು ನಾವು ಮಾಡಿದ್ದು ತಪ್ಪು.

ಭಾವ ಬೀಡಿಯನ್ನು ದಿನಕ್ಕೆ ಮೂರಕ್ಕೆ ಇಳಿಸಿದ್ದಾರೆ, ಪೂರ್ತಿ ಬಿಟ್ಟಿಲ್ಲ. ಬಿ.ಪಿ. ಮಾತ್ರೆ ಶುರುವಾಗಿದೆ. ಮಂಗಳವಾರ ಮತ್ತು ಶುಕ್ರವಾರ ರಾತ್ರಿಯ ಟ್ರಿಪ್ ಬೇಡವೆಂದು ಏಜೆನ್ಸಿಗೆ ಹೇಳಿದ್ದಾರೆ. ಮೊದಲ ತಿಂಗಳು ಕಂತಿಗೆ ಕಡಿಮೆ ಬಿದ್ದದ್ದನ್ನು ಅಕ್ಕ ಸ್ತ್ರೀಶಕ್ತಿ ಸಂಘದಿಂದ ತಂದು ಕಟ್ಟಿದಳು, ಅವಳಿಗೆ ಈಗ ಎಲ್ಲ ಗೊತ್ತಾಗಿದೆ. ಆ ಎರಡು ರಾತ್ರಿ ಫೋನು ಅಡುಗೆಮನೆಯ ಅಟ್ಟದ ಮೇಲಿರುತ್ತದೆ. ಉಳಿದ ರಾತ್ರಿಗಳಲ್ಲಿ ಅದು ಇನ್ನೂ ದಿಂಬಿನ ಪಕ್ಕದಲ್ಲೇ ಇದೆ.